ಡಬ್ಬಿಯೊಳಗೊಂದು ಹೊಳೆ

ಬೇಸಿಗೆಯಲ್ಲಿ ಭೀಮೆಯ ನೀರು ಇಳಿದಾಗ ದಂಡೆಯ ಮೇಲೆ ನಡೆದರೆ ಕಾಲಡಿಯಲ್ಲಿ ಹರಳುಗಲ್ಲುಗಳು ಗರಗರ ಎನ್ನುತ್ತವೆ. ಒಣಗಿ ಬಿದ್ದ ಕಲ್ಲುಗಳೆಲ್ಲ ಒಂದೇ ಬೂದಿಬಣ್ಣ, ಯಾರೂ ಅವುಗಳ ಕಡೆ ನೋಡುವುದಿಲ್ಲ. ನೀರಿನ ಅಂಚಿನಲ್ಲಿ ನೆನೆಯುತ್ತಿರುವ ಕಲ್ಲುಗಳ ಚೆಂದವೇ ಬೇರೆ. ಒಂದಕ್ಕೆ ಜೇನುತುಪ್ಪದ ಬಣ್ಣ. ಇನ್ನೊಂದರಲ್ಲಿ ಈರುಳ್ಳಿಯ ಪದರದಂತೆ ಸುತ್ತಿಕೊಂಡ ಬಿಳಿಯ ಗೆರೆ. ಮತ್ತೊಂದು ಹಳೆಯ ಹುಣಸೆಹಣ್ಣಿನಂಥ ಕಡುಗೆಂಪು. ಚಿಕ್ಕಂದಿನಲ್ಲಿ ನಾನು ಚಡ್ಡಿಯ ಎರಡೂ ಜೇಬು ತುಂಬಿಕೊಂಡು ಮನೆಗೆ ಬರುತ್ತಿದ್ದೆ. ಸಂಜೆ ಕಟ್ಟೆಯ ಮೇಲೆ ಸುರಿದು ನೋಡಿದರೆ ಬಣ್ಣವೆಲ್ಲ ಹೋಗಿರುತ್ತಿತ್ತು. ಅಜ್ಜಿ ಒಂದು ಬಟ್ಟಲಲ್ಲಿ ನೀರು ತಂದಿಡುತ್ತಿದ್ದಳು. ಕಲ್ಲು ನೀರಿಗೆ ಬಿದ್ದೊಡನೆ ಬಣ್ಣ ಬರುತ್ತಿತ್ತು, ತೆಗೆದು ಒರೆಸಿದರೆ ಮತ್ತೆ ಮಾಯ.

ಆ ಬಣ್ಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಅದು ಎಲ್ಲಿಗೂ ಹೋಗಿರುವುದಿಲ್ಲ. ಒಣಗಿದ ಕಲ್ಲಿನ ಮೈಮೇಲೆ ಕಣ್ಣಿಗೆ ಕಾಣದ ಸಾವಿರಾರು ಗೀರು, ಗುಳಿ, ಏಣುಗಳಿರುತ್ತವೆ. ಬಿದ್ದ ಬೆಳಕು ಅವುಗಳಿಗೆ ತಾಗಿ ದಿಕ್ಕಾಪಾಲಾಗಿ ಚೆದುರುತ್ತದೆ. ಹಾಗೆ ಚೆದುರಿದ ಬಿಳಿಬೆಳಕು ಒಳಗಿನ ಬಣ್ಣದ ಮೇಲೆ ತೆಳುವಾದ ಮುಸುಕು ಹಾಸಿಬಿಡುತ್ತದೆ. ನೀರು ಆ ಗುಳಿಗಳಲ್ಲಿ ತುಂಬಿಕೊಂಡರೆ ಮುಸುಕು ಸರಿಯುತ್ತದೆ. ಗಾಳಿಯ ವಕ್ರೀಭವನಾಂಕ 1, ನೀರಿನದು 1.33, ಬೆಣಚುಕಲ್ಲಿನದು ಸುಮಾರು 1.54. ಗಾಳಿಗೂ ಕಲ್ಲಿಗೂ ನಡುವಿನ ಅಂತರಕ್ಕಿಂತ ನೀರಿಗೂ ಕಲ್ಲಿಗೂ ನಡುವಿನ ಅಂತರ ಕಡಿಮೆಯಾದ್ದರಿಂದ ಬೆಳಕು ಅಷ್ಟಾಗಿ ಚೆದುರದೆ ಕಲ್ಲಿನೊಳಗೆ ಇಳಿಯುತ್ತದೆ, ಅಲ್ಲಿನ ಬಣ್ಣವನ್ನು ಹೊತ್ತು ಹಿಂದಿರುಗುತ್ತದೆ. ಕಲ್ಲಿಗೆ ಪಾಲಿಶ್ ಮಾಡುವುದೆಂದರೆ ನೀರು ಗಳಿಗೆಯ ಮಟ್ಟಿಗೆ ಮಾಡಿದ ಕೆಲಸವನ್ನು ಶಾಶ್ವತವಾಗಿ ಮಾಡುವುದು. ಗುಳಿಗಳನ್ನು ತುಂಬುವ ಬದಲು ಗುಳಿಗಳೇ ಉಳಿಯದಂತೆ ಮೈಯನ್ನು ಸವೆಸುವುದು.

ಹೊಳೆ ಮಾಡುವುದು, ಮಾಡದಿರುವುದು

ಸವೆಸುವ ಕೆಲಸದಲ್ಲಿ ಹೊಳೆಯನ್ನು ಮೀರಿಸಿದವರಿಲ್ಲ. ಜರ್ಮನಿಯ ಎಂಜಿನಿಯರ್ ಹರ್ಮನ್ ಸ್ಟರ್ನ್‌ಬರ್ಗ್ 1875ರಲ್ಲಿ ರೈನ್ ನದಿಯ ಹರಳುಗಳನ್ನು ಪರಿಶೀಲಿಸಿ, ನದಿ ಮುಂದೆ ಸಾಗಿದಂತೆ ಕಲ್ಲುಗಳ ಗಾತ್ರ ಒಂದು ಲೆಕ್ಕಕ್ಕೆ ಸಿಗುವ ಹಾಗೆ ಕುಗ್ಗುತ್ತ ಹೋಗುತ್ತದೆ ಎಂದು ತೋರಿಸಿದರು. ಹಂಗೆರಿಯ ಗಣಿತಜ್ಞ ಗಾಬೋರ್ ಡೊಮೊಕೋಶ್ ಮತ್ತು ಸಂಗಡಿಗರು 2014ರಲ್ಲಿ ಇನ್ನೊಂದು ಸೊಗಸಾದ ಸಂಗತಿಯನ್ನು ಹೇಳಿದರು. ಹೊಳೆಯ ಕಲ್ಲು ಎರಡು ಹಂತದಲ್ಲಿ ಸವೆಯುತ್ತದೆ. ಮೊದಲ ಹಂತದಲ್ಲಿ ಮೂಲೆಗಳು ಮಾತ್ರ ಹೋಗುತ್ತವೆ, ಕಲ್ಲಿನ ಉದ್ದ ಅಗಲ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಮೈ ಪೂರ್ತಿ ದುಂಡಗಾದ ಮೇಲೆಯೇ ಗಾತ್ರ ಇಳಿಯತೊಡಗುತ್ತದೆ. ಮನೆಯಲ್ಲಿ ಪುಟ್ಟ ಯಂತ್ರದ ಡಬ್ಬಿಯೊಳಗೆ ಸಾಣೆಪುಡಿ, ನೀರಿನ ಜೊತೆ ಕಲ್ಲು ಹಾಕಿ ಉರುಳಿಸುವವರು ಮೊದಲ ವಾರದ ಕೊನೆಗೆ ಅದನ್ನು ತೆರೆದಾಗ ಕಾಣುವುದೂ ಇದನ್ನೇ: ಕಲ್ಲುಗಳು ಚಿಕ್ಕದಾದಂತೆ ಕಾಣುವುದಿಲ್ಲ, ಆದರೆ ಬೆರಳಿಗೆ ಚುಚ್ಚುವ ಮೂಲೆ ಒಂದೂ ಇರುವುದಿಲ್ಲ.

ಆದರೂ ಹೊಳೆ ಕೊಡುವುದು ನುಣುಪನ್ನು ಮಾತ್ರ, ಹೊಳಪನ್ನಲ್ಲ. ಲಕ್ಷಾಂತರ ವರ್ಷ ಉರುಳಿದರೂ ಭೀಮೆಯ ಕಲ್ಲು ಒಣಗಿದೊಡನೆ ಮಂಕಾಗುತ್ತದೆ. ಕಾರಣ ಸರಳ. ಹೊಳೆಯಲ್ಲಿ ಎಲ್ಲ ಗಾತ್ರದ ಮರಳೂ ಒಟ್ಟಿಗೇ ಇರುತ್ತದೆ. ನವಿರಾದ ಕೆಸರು ಒಂದು ಮೈಯನ್ನು ಉಜ್ಜಿ ನಯ ಮಾಡುತ್ತಿರುವಾಗಲೇ ದಪ್ಪ ಮರಳಿನ ಕಣವೊಂದು ಬಂದು ಅದರ ಮೇಲೆ ಹೊಸ ಗೀರು ಎಳೆಯುತ್ತದೆ. ಕೆಲಸ ಮುಗಿಯುವುದೇ ಇಲ್ಲ. ಮನುಷ್ಯ ಇದಕ್ಕೆ ಸೇರಿಸಿದ್ದು ಒಂದೇ ಒಂದು: ಕ್ರಮ. ಮೊದಲು ದಪ್ಪ ಪುಡಿ, ಅದರ ಕೆಲಸ ಮುಗಿದ ಮೇಲೆ ಅದನ್ನು ಪೂರ್ತಿ ತೊಳೆದುಹಾಕಿ ಸಣ್ಣ ಪುಡಿ, ಆಮೇಲೆ ಇನ್ನೂ ಸಣ್ಣದು. ಹೊಳಪಿನ ಗುಟ್ಟು ಇಷ್ಟೇ. ಈ ಅಧ್ಯಾಯದಲ್ಲಿ ಮುಂದೆ ಬರುವ ತೊಂದರೆಗಳೆಲ್ಲ ಎರಡೇ ಬೇರಿನಿಂದ ಹುಟ್ಟಿದವು. ಒಂದೋ ಉರುಳುವಿಕೆ ಕೆಟ್ಟಿರುತ್ತದೆ, ಇಲ್ಲವೇ ಪುಡಿಗಳ ಕ್ರಮ ಕೆಟ್ಟಿರುತ್ತದೆ. ಮೊದಲನೆಯದು ಕಿವಿಗೆ ಗೊತ್ತಾಗುತ್ತದೆ, ಎರಡನೆಯದು ಕಣ್ಣಿಗೆ.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸತಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಡಾಲರೈಟ್ ಕಲ್ಲಿನ ಕೊಡಲಿಗಳನ್ನು ಬಂಡೆಗೆ ತಿಕ್ಕಿ ತಿಕ್ಕಿ ನಯಗೊಳಿಸುತ್ತಿದ್ದರು. ಹಾಗೆ ತಿಕ್ಕಿದ ನುಣುಪು ತೋಡುಗಳು ಬಂಡೆಗಳ ಮೇಲೆ ಇಂದಿಗೂ ಇವೆ. ಗುಜರಾತಿನ ಖಂಭಾತದಲ್ಲಿ ಅಗೇಟ್ ಮಣಿ ಮಾಡುವವರು ಹಿಂದೆ ಮಣಿಗಳನ್ನು ಸಾಣೆಪುಡಿ ಮತ್ತು ನೀರಿನ ಜೊತೆ ತೊಗಲಿನ ಚೀಲದಲ್ಲಿ ಕಟ್ಟುತ್ತಿದ್ದರು. ಇಬ್ಬರು ಎದುರುಬದುರು ಕುಳಿತು ಆ ಚೀಲವನ್ನು ಅವರಿಂದ ಇವರಿಗೆ, ಇವರಿಂದ ಅವರಿಗೆ ಹತ್ತು ಹದಿನೈದು ದಿನ ಉರುಳಿಸುತ್ತಿದ್ದರು. ಇಂದು ನಾವು ‘ಟಂಬ್ಲರ್’ ಎನ್ನುವ ಯಂತ್ರ ಆ ಚೀಲದ ಮೊಮ್ಮಗ. ಇಬ್ಬರ ಜಾಗದಲ್ಲಿ ಒಂದು ಪುಟ್ಟ ಮೋಟಾರು, ತೊಗಲಿನ ಜಾಗದಲ್ಲಿ ರಬ್ಬರಿನ ಡಬ್ಬಿ.

ಯಂತ್ರದ ಒಳಗೆ

ಯಂತ್ರದ ರಚನೆ ಬಹಳ ಸುಲಭ. ಅಕ್ಕಪಕ್ಕ ಎರಡು ಉಕ್ಕಿನ ಸರಳುಗಳು. ಅವುಗಳ ಮೇಲೆ ಅಡ್ಡ ಮಲಗಿದ ಡಬ್ಬಿ. ಮೋಟಾರು ಒಂದು ಬೆಲ್ಟಿನ ಮೂಲಕ ಒಂದು ಸರಳನ್ನು ತಿರುಗಿಸುತ್ತದೆ, ಸರಳು ಡಬ್ಬಿಯನ್ನು ತಿರುಗಿಸುತ್ತದೆ, ಇನ್ನೊಂದು ಸರಳು ಡಬ್ಬಿಗೆ ಆಸರೆಯಾಗಿ ತಾನೂ ತಿರುಗುತ್ತದೆ. ಡಬ್ಬಿಯೊಳಗೆ ಕಲ್ಲು, ಪುಡಿ, ನೀರು.

ಡಬ್ಬಿ ತಿರುಗಿದಾಗ ಕಲ್ಲುಗಳ ರಾಶಿ ಗೋಡೆಯ ಜೊತೆ ಮೇಲೇರುತ್ತದೆ. ಒಂದು ಎತ್ತರ ಮುಟ್ಟಿದ ಮೇಲೆ ಮೇಲ್ಪದರದ ಕಲ್ಲುಗಳು ಇಳಿಜಾರಿನಲ್ಲಿ ಜಾರಿ ಕೆಳಗೆ ಬರುತ್ತವೆ. ಸವೆತ ನಡೆಯುವುದು ಹೆಚ್ಚಾಗಿ ಈ ಜಾರುವ ತೆಳುಪದರದಲ್ಲಿ. ಕಲ್ಲಿಗೂ ಕಲ್ಲಿಗೂ ನಡುವೆ ಸಿಕ್ಕ ಪುಡಿಯ ಕಣ ಎರಡನ್ನೂ ಗೀರುತ್ತದೆ. ಹಾಗಾದರೆ ಜೋರಾಗಿ ತಿರುಗಿಸಿದರೆ ಬೇಗ ಮುಗಿಯುವುದಿಲ್ಲವೇ? ಇಲ್ಲ. ವೇಗ ಮಿತಿಮೀರಿದರೆ ಕಲ್ಲುಗಳು ಜಾರದೆ ಗೋಡೆಗೆ ಅಂಟಿಕೊಂಡು ಅದರ ಜೊತೆಯಲ್ಲೇ ಸುತ್ತುತ್ತವೆ. 11 ಸೆಂಟಿಮೀಟರ್ ಅಗಲದ ಡಬ್ಬಿಗೆ ಆ ಮಿತಿ ನಿಮಿಷಕ್ಕೆ ಸುಮಾರು 127 ಸುತ್ತು. ಮಿತಿಯನ್ನು ಮುಟ್ಟುವ ಮೊದಲೇ ಕಲ್ಲುಗಳು ಜಾರುವುದನ್ನು ಬಿಟ್ಟು ಎತ್ತರದಿಂದ ಹಾರಿ ಬಿದ್ದು ಒಂದಕ್ಕೊಂದು ಬಡಿದು ಒಡೆಯತೊಡಗುತ್ತವೆ. ಆದ್ದರಿಂದ ಅರ್ಧ ವೇಗ ಅಥವಾ ಅದಕ್ಕಿಂತ ಕಡಿಮೆಯೇ ಒಳ್ಳೆಯದು.

ಒಂದು ಲೆಕ್ಕ ಹಾಕಿ ನೋಡೋಣ. ಇದೇ ಡಬ್ಬಿ ನಿಮಿಷಕ್ಕೆ 50 ಸುತ್ತು ತಿರುಗಿದರೆ ಒಂದು ವಾರಕ್ಕೆ 5,04,000 ಸುತ್ತು. ಒಂದು ಸುತ್ತಿಗೆ ಸುಮಾರು 34.6 ಸೆಂಟಿಮೀಟರ್‌ನಂತೆ, ವಾರಕ್ಕೆ ಸುಮಾರು 174 ಕಿಲೋಮೀಟರ್. ಕಲ್ಲುಗಳನ್ನು ಸಿದ್ಧಪಡಿಸಲು ಐದು ವಾರ ಹಿಡಿದರೆ ಡಬ್ಬಿ ಉರುಳಿದ ದೂರ ಸುಮಾರು 870 ಕಿಲೋಮೀಟರ್. ಭೀಮಾ ನದಿಯ ಒಟ್ಟು ಉದ್ದ 861 ಕಿಲೋಮೀಟರ್! ಮನೆಯ ಮೂಲೆಯಲ್ಲಿ ಕೂತ ಪುಟ್ಟ ಯಂತ್ರ ಒಂದೂಕಾಲು ತಿಂಗಳಲ್ಲಿ ಭೀಮಾಶಂಕರದಿಂದ ಕೃಷ್ಣೆಯ ಸಂಗಮದವರೆಗೆ ಉರುಳಿಬಿಡುತ್ತದೆ.

ಯಾವ ಕಲ್ಲು, ಯಾವ ಪುಡಿ

ಯಾವ ಕಲ್ಲನ್ನು ಹಾಕಬೇಕು ಎನ್ನುವುದಕ್ಕೆ ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಗಡಸುತನದ ಏಣಿಯೇ ಇಂದಿಗೂ ದಾರಿ. ಅದರಲ್ಲಿ ಸುಣ್ಣಕಲ್ಲಿನ ಕ್ಯಾಲ್ಸೈಟ್ 3, ಫೆಲ್ಡ್‌ಸ್ಪಾರ್ 6, ಬೆಣಚು 7, ಕುರುಂದ 9, ವಜ್ರ 10. ಅಗೇಟ್, ಜಾಸ್ಪರ್‌ಗಳು ಬೆಣಚಿನ ಬಳಗಕ್ಕೇ ಸೇರಿದವು. ಗಡಸು 6.5ರಿಂದ 7, ಒಳಗೆ ಕಣಗಳು ಬಹಳ ಸಣ್ಣವಾಗಿ ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಡಬ್ಬಿಗೆ ಇವಕ್ಕಿಂತ ಒಳ್ಳೆಯ ಕಲ್ಲಿಲ್ಲ. ಭೀಮೆ ಹುಟ್ಟಿ ಬರುವುದು ದಖನ್ನಿನ ಲಾವಾ ನೆಲದಲ್ಲಿ. ಆರೂವರೆ ಕೋಟಿ ವರ್ಷಗಳ ಹಿಂದಿನ ಆ ಲಾವಾದ ಗಾಳಿಗುಳ್ಳೆಗಳಲ್ಲಿ ಸಿಲಿಕಾ ಪದರಪದರವಾಗಿ ಕೂತು ಅಗೇಟ್ ಆಗಿದೆ. ಕಪ್ಪುಕಲ್ಲು ಕರಗಿ ಮಣ್ಣಾದ ಮೇಲೂ ಅಗೇಟ್ ಉಳಿದು ಹೊಳೆಗೆ ಸೇರುತ್ತದೆ.

ಒಂದು ಡಬ್ಬಿಗೆ ಒಂದೇ ಗಡಸಿನ ಕಲ್ಲುಗಳನ್ನು ಹಾಕಬೇಕು. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿ. ಅದರ ತುಂಡೊಂದನ್ನು ಅಗೇಟುಗಳ ನಡುವೆ ಹಾಕಿದರೆ ಅದು ವಾರದಲ್ಲಿ ಸವೆದು ಕೆಸರಾಗಿ, ಆ ಕೆಸರು ಪುಡಿಯ ಕೆಲಸವನ್ನೂ ಕೆಡಿಸುತ್ತದೆ. ಅನುಮಾನ ಬಂದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಚಾಕುವಿನ ತುದಿಯಿಂದ ಗೀರಿದಾಗ ಕಲ್ಲಿನ ಮೇಲೆ ಗೆರೆ ಬಿದ್ದರೆ ಅದು ಮೆದು. ಕಲ್ಲೇ ಹಳೆಯ ಗಾಜಿನ ತುಂಡಿನ ಮೇಲೆ ಗೆರೆ ಎಳೆದರೆ ಅದು ಗಟ್ಟಿ. ಲಿಂಬೆರಸ ಬಿದ್ದಲ್ಲಿ ನೊರೆಯೆದ್ದರೆ ಸುಣ್ಣಕಲ್ಲು.

ಒಂದೇ ಕಲ್ಲಿನಲ್ಲಿ ಎರಡು ಗಡಸು ಸೇರಿದರೆ? ನಮ್ಮ ಕರ್ನಾಟಕದ್ದೇ ಉದಾಹರಣೆ ಇದೆ. ಹಸಿರು ಫುಕ್ಸೈಟ್‌ನಲ್ಲಿ ಕೆಂಪು ಮಾಣಿಕ್ಯದ ಹರಳುಗಳು ಹುದುಗಿದ ಕಲ್ಲು ಇಲ್ಲಿ ಸಿಗುತ್ತದೆ. ಜಗತ್ತಿನ ಹರಳುಪ್ರಿಯರಿಗೆ ಅದು ಬಲು ಇಷ್ಟ. ಮಾಣಿಕ್ಯದ ಗಡಸು 9, ಫುಕ್ಸೈಟ್‌ನದು 2ರಿಂದ 3. ಡಬ್ಬಿಗೆ ಹಾಕಿದರೆ ಹಸಿರು ಬೇಗ ಸವೆದು ಹಳ್ಳವಾಗುತ್ತದೆ, ಕೆಂಪು ಗುಬುಟಾಗಿ ಎದ್ದು ನಿಲ್ಲುತ್ತದೆ. ಗ್ರಾನೈಟಿನಲ್ಲೂ ಅಭ್ರಕದ ಚೂರುಗಳು ಕಿತ್ತುಬಂದು ಸಣ್ಣ ಸಣ್ಣ ಗುಳಿ ಉಳಿಯುತ್ತವೆ. ಇದು ಯಂತ್ರದ ದೋಷವಲ್ಲ, ಕಲ್ಲಿನ ಸ್ವಭಾವ.

ಪುಡಿಯ ಕಥೆ ಇನ್ನೂ ಸ್ವಾರಸ್ಯದ್ದು. ಹಿಂದಿನವರ ಸಾಣೆಪುಡಿ ಎಂದರೆ ಕುರುಂದ. ಇಂಗ್ಲಿಷಿನ ‘ಕೊರಂಡಮ್’ ಎಂಬ ಹೆಸರೇ ದಕ್ಷಿಣ ಭಾರತದ ಈ ಮಾತಿನಿಂದ ಹೋದದ್ದು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಜೇಡಿಮಣ್ಣನ್ನೂ ಕೋಕ್ ಪುಡಿಯನ್ನೂ ಬೆರೆಸಿ ವಿದ್ಯುತ್ತಿನಿಂದ ಕಾಯಿಸಿದಾಗ ಮಿನುಗುವ ಹರಳುಗಳು ಸಿಕ್ಕವು. ಅದು ಕಾರ್ಬನ್ ಮತ್ತು ಕೊರಂಡಮ್ ಸೇರಿ ಆದದ್ದೆಂದು ಭಾವಿಸಿ ‘ಕಾರ್ಬೊರಂಡಮ್’ ಎಂದು ಹೆಸರಿಟ್ಟರು. ನಿಜವಾಗಿ ಅದು ಸಿಲಿಕಾನ್ ಕಾರ್ಬೈಡ್, ಗಡಸು 9ಕ್ಕೂ ತುಸು ಹೆಚ್ಚು. ಗಡಸಾಗಿರುವುದರ ಜೊತೆಗೆ ಅದು ಪೆಡಸು ಕೂಡ. ಕಲ್ಲುಗಳ ನಡುವೆ ಸಿಕ್ಕಿ ಒಡೆದಾಗಲೂ ಚೂಪಾದ ಹೊಸ ಅಂಚುಗಳೊಂದಿಗೇ ಒಡೆಯುತ್ತದೆ. ಆದ್ದರಿಂದ ಪುಡಿ ಸಣ್ಣದಾಗುತ್ತ ಹೋದರೂ ಮೊಂಡಾಗುವುದಿಲ್ಲ. ಆದರೆ ಸುಮಾರು ಒಂದು ವಾರದಲ್ಲಿ ದಪ್ಪ ಪುಡಿಯೆಲ್ಲ ನುರಿದು ಶಕ್ತಿ ಕಳೆದುಕೊಳ್ಳುತ್ತದೆ. ಡಬ್ಬಿಯನ್ನು ವಾರಕ್ಕೊಮ್ಮೆ ತೆರೆಯುವ ಪದ್ಧತಿ ಬಂದದ್ದು ಇದರಿಂದಲೇ.

ನಾಲ್ಕು ಮೆಟ್ಟಿಲು

ಮೊದಲ ಮೆಟ್ಟಿಲಿಗೆ 60/90 ಸಂಖ್ಯೆಯ ಪುಡಿ. ಈ ಸಂಖ್ಯೆ ಜರಡಿಯದು: ಒಂದು ಅಂಗುಲದಲ್ಲಿ ಎಷ್ಟು ಕಣ್ಣು ಎಂದು. ಸಂಖ್ಯೆ ಹೆಚ್ಚಿದಷ್ಟೂ ಪುಡಿ ಸಣ್ಣದು. 60ರ ಕಣ ಸುಮಾರು ಕಾಲು ಮಿಲಿಮೀಟರ್. ಎರಡನೆಯ ಮೆಟ್ಟಿಲಿಗೆ 120/220. ಮೂರನೆಯದಕ್ಕೆ 500, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಸಮೀಪ. ಕೊನೆಯದು ಪಾಲಿಶ್: ಅಲ್ಯೂಮಿನಿಯಮ್ ಆಕ್ಸೈಡಿನ ಮೈದಾಹಿಟ್ಟಿನಂಥ ಪುಡಿ, ಕಣದ ಗಾತ್ರ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ, ಅಂದರೆ ಒಂದು ಮೈಕ್ರಾನಿನ ಆಸುಪಾಸು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಅದಕ್ಕೂ ಕಡಿಮೆ, 0.4ರಿಂದ 0.7 ಮೈಕ್ರಾನ್. ಇಷ್ಟು ಸಣ್ಣ ಕಣ ಎಳೆಯುವ ಗೀರಿನ ಆಳ ಬೆಳಕಿನ ಅಲೆಗಿಂತಲೂ ಕಡಿಮೆಯಾದಾಗ ಬೆಳಕಿಗೆ ಆ ಗೀರು ಲೆಕ್ಕಕ್ಕೇ ಬರುವುದಿಲ್ಲ. ಮೈ ಕನ್ನಡಿಯಂತೆ ವರ್ತಿಸುತ್ತದೆ. ಕಲ್ಲು ಹೊಳೆಯತೊಡಗುವುದು ಆಗ.

ಡಬ್ಬಿಯನ್ನು ಮೂರನೇ ಎರಡರಿಂದ ಮುಕ್ಕಾಲು ಭಾಗದವರೆಗೆ ಕಲ್ಲಿನಿಂದ ತುಂಬಿ. ದೊಡ್ಡದು, ಸಣ್ಣದು ಬೆರೆತಿರಲಿ. ಸಣ್ಣವು ದೊಡ್ಡವುಗಳ ಸಂದಿ ತಲುಪುತ್ತವೆ. 1.4 ಕಿಲೋಗ್ರಾಂ ಹಿಡಿಯುವ ಡಬ್ಬಿಗೆ ನಾಲ್ಕು ದೊಡ್ಡ ಚಮಚ ಪುಡಿ. ನೀರು ಮೇಲಿನ ಕಲ್ಲುಗಳ ಬುಡದವರೆಗೆ ಬಂದರೆ ಸಾಕು, ಅವುಗಳನ್ನು ಮುಳುಗಿಸಬಾರದು. ಮೊದಲ ಮೆಟ್ಟಿಲನ್ನು ಒಂದೇ ವಾರಕ್ಕೆ ಮುಗಿಸಲೇಬೇಕೆಂಬ ಹಟ ಬೇಡ. ಆಕಾರ ಬರುವುದು ಇಲ್ಲಿಯೇ, ಗುಳಿ ಹೋಗುವುದೂ ಇಲ್ಲಿಯೇ. ಎರಡು, ಮೂರು, ಕೆಲವೊಮ್ಮೆ ನಾಲ್ಕು ವಾರ ಹೊಸ ಪುಡಿ ಹಾಕಿ ಓಡಿಸಬೇಕಾದೀತು. ಮುಂದಿನ ಯಾವ ಮೆಟ್ಟಿಲೂ ಇಲ್ಲಿ ಉಳಿದ ಕೊರತೆಯನ್ನು ತುಂಬಿಕೊಡುವುದಿಲ್ಲ. 500ರ ಪುಡಿಗೆ 60ರ ಗೀರನ್ನು ಅಳಿಸುವ ಶಕ್ತಿಯಿಲ್ಲ, ಅದು ಆ ಗೀರಿನ ದಡವನ್ನಷ್ಟೇ ನಯ ಮಾಡುತ್ತದೆ. ತಾಳ್ಮೆಗೆಟ್ಟು ಮುಂದಿನ ಮೆಟ್ಟಿಲಿಗೆ ಹಾರಿದವರ ಕಲ್ಲುಗಳು ಕೊನೆಗೆ ಹೊಳೆಯುವ ಗುಳಿಗಳೊಂದಿಗೆ ಹೊರಬರುತ್ತವೆ.

ಕಿವಿಗೆ ಗೊತ್ತಾಗುವ ತೊಂದರೆಗಳು

ಯಂತ್ರ ಸರಿಯಾಗಿ ಓಡುತ್ತಿದ್ದರೆ ಅದರ ಸದ್ದು ದೂರದ ಮಳೆಯಂತೆ, ಒಂದೇ ಸಮನೆ ಸುರಿಯುತ್ತಿರುತ್ತದೆ. ಒಂದೆರಡು ದಿನದಲ್ಲಿ ಮನೆಯವರಿಗೆಲ್ಲ ಅದು ಅಭ್ಯಾಸವಾಗುತ್ತದೆ. ಸದ್ದು ಬದಲಾದೊಡನೆ ಏನೋ ಆಗಿದೆ ಎಂದು ಗೊತ್ತಾಗುವುದೂ ಈ ಅಭ್ಯಾಸದಿಂದಲೇ.

ಟಕ್ ಟಕ್ ಎಂದು ಬಿಡಿಬಿಡಿಯಾಗಿ ಬಡಿಯುವ ಸದ್ದು ಬಂದರೆ ಕಲ್ಲು ಕಡಿಮೆಯಾಗಿದೆ. ಖಾಲಿ ಜಾಗ ಹೆಚ್ಚಾಗಿ ಕಲ್ಲುಗಳು ಜಾರುವ ಬದಲು ಬೀಳುತ್ತಿವೆ. ಎರಡು ವಾರ ಸವೆದ ಮೇಲೆ ರಾಶಿ ಇಳಿದಿರುವುದು ಸಹಜ. ಅದೇ ಮೆಟ್ಟಿಲು ದಾಟಿದ ಬೇರೆ ಕಲ್ಲುಗಳನ್ನೋ, ಸೆರಾಮಿಕ್ ಗುಳಿಗೆಗಳನ್ನೋ ಸೇರಿಸಿ ಮಟ್ಟ ಏರಿಸಬೇಕು.

ಸದ್ದು ತೀರಾ ಮಂದವಾಗಿ, ಕಂಬಳಿ ಹೊದಿಸಿದಂತೆ ಕೇಳಿದರೆ ಡಬ್ಬಿ ಮಿತಿಮೀರಿ ತುಂಬಿದೆ, ಇಲ್ಲವೇ ಒಳಗಿನ ರಾಡಿ ಗಟ್ಟಿಯಾಗಿದೆ. ರಾಡಿಯ ಹದ ದೋಸೆಹಿಟ್ಟಿನಷ್ಟಿರಬೇಕು. ಮಜ್ಜಿಗೆಯಂತೆ ನೀರಾದರೆ ಪುಡಿ ಕಲ್ಲಿನ ಮೈಗೆ ಅಂಟದೆ ತಳ ಸೇರುತ್ತದೆ, ಇಡ್ಲಿಹಿಟ್ಟಿಗಿಂತ ಗಟ್ಟಿಯಾದರೆ ಕಲ್ಲುಗಳು ಉರುಳುವುದೇ ಇಲ್ಲ. ಮೆದು ಕಲ್ಲು ಸೇರಿದ್ದರೆ ರಾಡಿ ಬೇಗ ಗಟ್ಟಿಯಾಗುತ್ತದೆ. ಸ್ವಲ್ಪ ನೀರು ಹಾಕಿ ಸರಿಪಡಿಸಬಹುದು.

ಮೋಟಾರು ಗುಂಯ್ ಎನ್ನುತ್ತಿದ್ದು ಡಬ್ಬಿ ತಿರುಗದಿದ್ದರೆ ಹಿಡಿತ ತಪ್ಪಿದೆ ಎಂದರ್ಥ. ಮೊದಲು ಪ್ಲಗ್ ತೆಗೆಯಿರಿ. ಡಬ್ಬಿಯನ್ನು ಎತ್ತಿಟ್ಟು, ಮತ್ತೆ ಪ್ಲಗ್ ಹಾಕಿ ಯಂತ್ರವನ್ನು ಬರಿದಾಗಿ ಓಡಿಸಿ ನೋಡಿ. ಸರಳುಗಳು ತಿರುಗಿದರೆ ತೊಂದರೆ ಡಬ್ಬಿಯಲ್ಲಿದೆ: ಹೊರಮೈ ಒದ್ದೆಯಾಗಿರಬಹುದು, ಸರಳಿಗೆ ಎಣ್ಣೆ ತಾಗಿರಬಹುದು, ಭಾರ ಹೆಚ್ಚಾಗಿರಬಹುದು. ಒರೆಸಿ, ತೂಗಿ ನೋಡಿ. ತೂಕದಲ್ಲಿ ಕಲ್ಲು ಮಾತ್ರವಲ್ಲ, ನೀರು, ಪುಡಿ, ಡಬ್ಬಿ ಎಲ್ಲವೂ ಸೇರುತ್ತವೆ. ಬರಿದಾಗಿಯೂ ಸರಳು ತಿರುಗದಿದ್ದರೆ ಪ್ಲಗ್ ತೆಗೆದು ಬೆಲ್ಟನ್ನು ನೋಡಿ. ಸಡಿಲವಾದ, ಬಿರುಕು ಬಿಟ್ಟ, ಹೊಳಪೇರಿದ ಬೆಲ್ಟು ಜಾರುತ್ತದೆ. ಅದನ್ನು ಬದಲಿಸಬೇಕು. ಬದಲಿಸುವಾಗ ಅತಿಯಾಗಿ ಬಿಗಿದರೆ ಬೇರಿಂಗ್ ಬೇಗ ಸವೆದು ಮೋಟಾರು ಕಾಯುತ್ತದೆ. ಯಂತ್ರದ ಜೊತೆ ಒಂದು ಬೆಲ್ಟನ್ನು ಹೆಚ್ಚಾಗಿ ಇಟ್ಟುಕೊಂಡಿರುವುದು ಜಾಣತನ.

ಕಿರ್ರ್ ಎಂಬ ಸದ್ದು ಸರಳಿನ ತುದಿಯ ಬೇರಿಂಗ್ ಒಣಗಿದೆ ಎಂದು ಹೇಳುತ್ತದೆ. ಒಂದು ಹನಿ ಎಣ್ಣೆ ಸಾಕು. ಸುರಿದ ಎಣ್ಣೆ ಬೆಲ್ಟಿಗೂ ರಬ್ಬರಿಗೂ ತಾಗಿ ಒಂದು ತೊಂದರೆಯ ಜಾಗದಲ್ಲಿ ಎರಡು ತರುತ್ತದೆ. ಡಬ್ಬಿ ಒಂದೇ ಕಡೆಗೆ ಸರಿದು ಚೌಕಟ್ಟಿಗೆ ಉಜ್ಜುತ್ತಿದ್ದರೆ ಮೇಜು ಸಮತಟ್ಟಾಗಿಲ್ಲ. ಕಾಲಿನ ಕೆಳಗೆ ಮಡಿಚಿದ ರಟ್ಟು ಇಟ್ಟರೆ ಸರಿಹೋಗುತ್ತದೆ. ಮೋಟಾರಿನ ಮೈ ಬೆಚ್ಚಗಿರುವುದು ಸಹಜ, ಕೈ ಇಡಲಾರದಷ್ಟು ಸುಟ್ಟರೆ ನಿಲ್ಲಿಸಬೇಕು. ಸದ್ದು ಮುಚ್ಚಲೆಂದು ಯಂತ್ರವನ್ನು ಪೆಟ್ಟಿಗೆಯೊಳಗೆ ಇಟ್ಟವರು ಮೋಟಾರಿಗೆ ಗಾಳಿಯಿಲ್ಲದಂತೆ ಮಾಡಿರುತ್ತಾರೆ.

ನಮ್ಮ ಊರುಗಳದ್ದೇ ಆದ ತೊಂದರೆ ಒಂದಿದೆ: ಕರೆಂಟು. ಅರ್ಧ ಗಂಟೆ ಹೋದರೆ ಚಿಂತೆಯಿಲ್ಲ. ರಾತ್ರಿಯಿಡೀ ಇಲ್ಲದಿದ್ದರೆ ರಾಡಿ ತಳದಲ್ಲಿ ಕೂತು ಕಲ್ಲುಗಳನ್ನು ಹಿಡಿದುಕೊಳ್ಳುತ್ತದೆ. ಬೆಳಗಿನ ಜಾವ ಕರೆಂಟು ಬಂದಾಗ ಮೋಟಾರು ಒಂದು ಬದಿಗೆ ಭಾರವಾದ ಡಬ್ಬಿಯನ್ನು ಎತ್ತಲಾರದೆ ಬೆಲ್ಟನ್ನು ಸುಡುತ್ತದೆ. ಕರೆಂಟು ಹೋದಾಗ ಪ್ಲಗ್ ತೆಗೆದಿಟ್ಟು, ಬಂದ ಮೇಲೆ ಡಬ್ಬಿಯನ್ನು ಕೈಯಲ್ಲಿ ಹತ್ತು ಸಲ ಉರುಳಿಸಿ ಆಮೇಲೆ ಶುರುಮಾಡುವುದು ಒಳ್ಳೆಯದು.

ಮುಚ್ಚಳದಿಂದ ನೀರು ಒಸರಿದರೆ ನೂರಕ್ಕೆ ತೊಂಬತ್ತು ಸಲ ಅಂಚಿನಲ್ಲಿ ಕೂತ ಒಂದೆರಡು ಪುಡಿಯ ಕಣಗಳೇ ಕಾರಣ ಎನ್ನುವುದು ನನ್ನ ಅನುಭವ. ಒರೆಸಿ, ಚೊಕ್ಕ ನೀರಿನಿಂದ ಅಂಚನ್ನು ಒದ್ದೆ ಮಾಡಿ ಮುಚ್ಚಿದರೆ ನಿಲ್ಲುತ್ತದೆ. ಮುಚ್ಚಳ ಉಬ್ಬಿದ್ದರೆ ಒಳಗೆ ಅನಿಲ ಹುಟ್ಟಿದೆ. ಕೆಲವು ಕಲ್ಲುಗಳಲ್ಲಿನ ಖನಿಜಗಳು ನೀರಿನಲ್ಲಿ ಸವೆಯುವಾಗ ಹೀಗಾಗುತ್ತದೆ. ಮೊದಲ ವಾರ ದಿನಕ್ಕೊಮ್ಮೆ ಮುಖದಿಂದ ದೂರ ಹಿಡಿದು ಮುಚ್ಚಳ ಸಡಿಲಿಸಿ ಮತ್ತೆ ಬಿಗಿಯಿರಿ. ಒಂದು ಚಮಚ ಅಡುಗೆ ಸೋಡಾ ಹಾಕಿದರೆ ಬಹುತೇಕ ಹತೋಟಿಗೆ ಬರುತ್ತದೆ.

ಕಣ್ಣಿಗೆ ಕಾಣುವ ತೊಂದರೆಗಳು

ಉಳಿದವು ಕಲ್ಲಿನ ಮೈಮೇಲೆ ಬರೆದಿರುತ್ತವೆ. ಅವನ್ನು ಓದುವುದಕ್ಕೆ ಒಂದೇ ನಿಯಮ: ಕಲ್ಲನ್ನು ಪೂರ್ತಿ ಒಣಗಿಸಿ, ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ಹಿಡಿದು, ಸಾಧ್ಯವಾದರೆ ಭೂತಗನ್ನಡಿಯಲ್ಲಿ ನೋಡಬೇಕು. ಒದ್ದೆ ಕಲ್ಲು ಸುಳ್ಳು ಹೇಳುತ್ತದೆ. ನೀರು ಗೀರುಗಳನ್ನು ಹೇಗೆ ಮುಚ್ಚುತ್ತದೆಂದು ಆಗಲೇ ನೋಡಿದೆವಲ್ಲ.

ಅಂಚುಗಳಲ್ಲಿ ಉಗುರಿನ ಗುರುತಿನಂಥ ಬಿಳಿ ಅರ್ಧಚಂದ್ರಗಳಿದ್ದರೆ ಅವು ಪೆಟ್ಟಿನ ಗುರುತು. ಕಲ್ಲು ಎತ್ತರದಿಂದ ಬಿದ್ದಿದೆ, ಅಥವಾ ರಾಡಿ ತೆಳುವಾಗಿ ಪೆಟ್ಟನ್ನು ತಡೆದಿಲ್ಲ. ಡಬ್ಬಿಯ ಮಟ್ಟ ಏರಿಸಿ, ಸಣ್ಣ ಗುಳಿಗೆಗಳನ್ನು ಮೆತ್ತೆಯಾಗಿ ಸೇರಿಸಿ, ಹಿಂದಿನ ಮೆಟ್ಟಿಲಿಗೆ ಮರಳಬೇಕು.

ಮೈಯೆಲ್ಲ ಹೊಳೆಯುತ್ತಿದ್ದು ನಡುನಡುವೆ ಒಂಟಿ ಗೀರುಗಳು ಕಂಡರೆ ಪಾಲಿಶಿನೊಳಗೆ ದಪ್ಪ ಪುಡಿ ನುಸುಳಿದೆ. ನಾನು ಮೊದಲ ಸಲ ಮಾಡಿದಾಗ ಹಾಳಾದದ್ದು ಹೀಗೆ. ಕಲ್ಲುಗಳನ್ನು ಚೆನ್ನಾಗಿಯೇ ತೊಳೆದಿದ್ದೆ, ಆದರೆ ಮುಚ್ಚಳದ ಒಳ ತೋಡನ್ನು ತೊಳೆಯಲು ಮರೆತಿದ್ದೆ. ಅಲ್ಲಿ ಕೂತಿದ್ದ ಚಿಟಿಕೆಯಷ್ಟು ಕಣಗಳು ಒಂದು ತಿಂಗಳ ಕೆಲಸವನ್ನು ಕೆಡಿಸಿದವು. ಹೊಳೆಯಲ್ಲಿ ಯಾಕೆ ಹೊಳಪು ಬರುವುದಿಲ್ಲ ಎಂದು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಆ ಮುಚ್ಚಳ. ಅಂದಿನಿಂದ ಪ್ರತಿ ಮೆಟ್ಟಿಲಿನ ನಂತರ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಡಬ್ಬಿ, ಮುಚ್ಚಳ, ಒಂದೊಂದು ಕಲ್ಲನ್ನೂ ಉಜ್ಜುತ್ತೇನೆ. ಆಮೇಲೆ ತುರಿದ ಬಾರ್ ಸೋಪು ಮತ್ತು ನೀರು ಮಾತ್ರ ಹಾಕಿ ಕೆಲವು ಗಂಟೆ ಓಡಿಸುತ್ತೇನೆ. ಅನುಕೂಲವಿದ್ದರೆ ಪಾಲಿಶಿಗೆಂದೇ ಬೇರೆ ಡಬ್ಬಿ ಇಟ್ಟುಕೊಳ್ಳಬೇಕು. ಬಿರುಕಿನ ಕಲ್ಲುಗಳನ್ನು ಎರಡನೆಯ ಮೆಟ್ಟಿಲಿಗೆ ಮೊದಲೇ ಆರಿಸಿ ತೆಗೆಯಬೇಕು. ಅವು ತಮ್ಮ ಬಿರುಕುಗಳಲ್ಲಿ ದಪ್ಪ ಪುಡಿಯನ್ನು ಬಚ್ಚಿಟ್ಟುಕೊಂಡು ಹೋಗಿ ಪಾಲಿಶಿನ ಹೊತ್ತಿಗೆ ಉದುರಿಸುತ್ತವೆ.

ಗೀರೂ ಇಲ್ಲ, ಪೆಟ್ಟೂ ಇಲ್ಲ, ಆದರೂ ಕಲ್ಲು ಮಂಜು ಮುಸುಕಿದಂತಿದ್ದರೆ? ತಪ್ಪು ಕೊನೆಯ ಮೆಟ್ಟಿಲಿನದೋ ಅದಕ್ಕೂ ಮೊದಲಿನದೋ ಎಂದು ತಿಳಿಯಲು ಒಂದು ಒಳ್ಳೆಯ ಪರೀಕ್ಷೆಯಿದೆ. ಹಳೆಯ ಜೀನ್ಸ್ ಬಟ್ಟೆಯನ್ನೋ ತೊಗಲಿನ ತುಂಡನ್ನೋ ಒದ್ದೆ ಮಾಡಿ, ಚಿಟಿಕೆ ಪಾಲಿಶ್ ಪುಡಿ ಹಾಕಿ ಕಲ್ಲಿನ ಒಂದು ಜಾಗವನ್ನು ಒಂದೆರಡು ನಿಮಿಷ ಗಟ್ಟಿಯಾಗಿ ತಿಕ್ಕಿ. ಅಲ್ಲಿ ಹೊಳಪು ಬಂದರೆ ಕಲ್ಲು ಸಿದ್ಧವಾಗಿಯೇ ಇತ್ತು. ಪಾಲಿಶ್ ಮೆಟ್ಟಿಲಿನಲ್ಲೇ ಸಮಯವೋ ಪುಡಿಯೋ ಸಾಲದೆ ಹೋಗಿದೆ, ಇನ್ನೊಂದು ವಾರ ಓಡಿಸಿ. ತಿಕ್ಕಿದರೂ ಮಂಕಾಗಿಯೇ ಉಳಿದರೆ 500ರ ಮೆಟ್ಟಿಲಿಗೆ ಹಿಂದಿರುಗಬೇಕು. ದುಬಾರಿ ಪಾಲಿಶ್ ಪುಡಿ ಕೊಂಡುತಂದರೆ ಪ್ರಯೋಜನವಿಲ್ಲ.

ರಾಡಿ ಮತ್ತು ಉಸಿರು

ಕೊನೆಗೆ ಉಳಿಯುವುದು ಬೂದಿಬಣ್ಣದ ರಾಡಿ. ಅದನ್ನು ಸಿಂಕಿಗೆ ಸುರಿಯಬಾರದು. ಪೈಪಿನ ಬಾಗಿನಲ್ಲಿ ಕೂತು ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಮತ್ತೆ ಪೈಪು ಒಡೆಯದೆ ದಾರಿಯಿರುವುದಿಲ್ಲ. ಹಳೆಯ ಬಕೆಟ್ಟಿನಲ್ಲಿ ತೊಳೆದು, ಒಂದು ದಿನ ಬಿಟ್ಟು, ಮೇಲಿನ ತಿಳಿನೀರನ್ನು ಅಂಗಳಕ್ಕೆ ಚೆಲ್ಲಿ, ತಳದ ರಾಡಿಯನ್ನು ಒದ್ದೆಯಿದ್ದಾಗಲೇ ಚೀಲಕ್ಕೆ ಹಾಕಿ ಕಟ್ಟಿ ಕಸಕ್ಕೆ ಕೊಡಬೇಕು.

ಒದ್ದೆಯಿದ್ದಾಗಲೇ ಎಂದು ಒತ್ತಿ ಹೇಳಲು ಕಾರಣವಿದೆ. ಅಗೇಟ್ ಎಂದರೆ ಸಿಲಿಕಾ. ಒಣಗಿದ ಸಿಲಿಕಾ ಧೂಳು ಉಸಿರಿನಲ್ಲಿ ಹೋಗಿ ಶ್ವಾಸಕೋಶದಲ್ಲಿ ಕೂತರೆ ಬರುವ ಕಾಯಿಲೆ ಸಿಲಿಕೋಸಿಸ್. ಅದನ್ನು ವಾಸಿ ಮಾಡುವ ಮದ್ದಿಲ್ಲ. ಖಂಭಾತದಲ್ಲಿ ನಮ್ಮ ಕೊರಳಿನ ಮಣಿಗಳನ್ನು ತಿರುಗುವ ಸಾಣೆಗೆ ಒಡ್ಡಿ ಒಣದಾಗಿ ಉಜ್ಜುವ ಕುಟುಂಬಗಳು ತಲೆಮಾರುಗಳಿಂದ ಇದಕ್ಕೆ ಬಲಿಯಾಗಿವೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅವರ ನಡುವೆ ಈ ಕಾಯಿಲೆಯನ್ನು ಅಧ್ಯಯನ ಮಾಡಿದೆ. ಮನೆಯ ಡಬ್ಬಿಯಲ್ಲಿ ಕೆಲಸವೆಲ್ಲ ನೀರಿನೊಳಗೆ ನಡೆಯುವುದರಿಂದ ನಮಗೆ ಆ ಅಪಾಯ ಕಡಿಮೆ. ಆದರೆ ಕಲ್ಲನ್ನು ಸುತ್ತಿಗೆಯಿಂದ ಒಡೆಯುವಾಗ ಒದ್ದೆ ಮಾಡಿಕೊಳ್ಳುವುದು, ಕನ್ನಡಕ ಹಾಕಿಕೊಳ್ಳುವುದು, ಚೆಲ್ಲಿದ ರಾಡಿಯನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಿಂದ ಒರೆಸುವುದು, ಇಷ್ಟನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕು. ಅಂಗಡಿಯ ಗಾಜಿನೊಳಗೆ ಹೊಳೆಯುವ ಮಣಿಯನ್ನು ಕಂಡಾಗ ಅದನ್ನು ಉಜ್ಜಿದವರ ಉಸಿರನ್ನೂ ನೆನೆಯುವುದು ನಮ್ಮ ಕರ್ತವ್ಯ.

ಇನ್ನೊಂದು ಮಾತನ್ನೂ ಕಲಿಸಬೇಕು. ಕೃಷ್ಣಾ, ಭೀಮಾ ಕಣಿವೆಗಳಲ್ಲಿ ಶಿಲಾಯುಗದ ಜನ ಚರ್ಟ್, ಅಗೇಟ್ ಕಲ್ಲುಗಳಿಂದ ಬೆರಳುಗುರಿನಷ್ಟು ಸಣ್ಣ ಅಲಗುಗಳನ್ನು ಮಾಡಿದ್ದಾರೆ. ಒಂದು ಅಂಚು ಕ್ರಮವಾಗಿ ಚಕ್ಕೆ ಎಬ್ಬಿಸಿದಂತೆ ಕಂಡ ಕಲ್ಲನ್ನು ಡಬ್ಬಿಗೆ ಹಾಕಬೇಡಿ. ಸನ್ನತಿ, ಸಂಗನಕಲ್ಲಿನಂಥ ಪುರಾತನ ನೆಲೆಗಳಿಂದ ಒಂದು ಚೂರನ್ನೂ ಎತ್ತಬೇಡಿ. ಮನುಷ್ಯನ ಕೈ ಮೂಡಿಸಿದ ಗುರುತನ್ನು ಸವೆಸಿ ತರುವ ಹೊಳಪು ಯಾರಿಗೂ ಬೇಡ.

ಐದನೆಯ ವಾರದ ಕೊನೆಯ ದಿನ ನಾನು ಡಬ್ಬಿ ತೆರೆಯುವಾಗ ನನ್ನ ಮಗಳು ಪಕ್ಕದಲ್ಲಿ ಕೂತಿರುತ್ತಾಳೆ. ಹಾಲಿನಂಥ ಬಿಳಿ ರಾಡಿಯೊಳಗಿಂದ ಒಂದೊಂದೇ ಕಲ್ಲು ತೆಗೆದು ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಲು ಬಿಡುತ್ತೇವೆ. ಆಮೇಲೆ ಅವಳು ಅಡುಗೆಮನೆಯಿಂದ ಒಂದು ಬಟ್ಟಲು ನೀರು ತರುತ್ತಾಳೆ. ಈರುಳ್ಳಿ ಪದರದ ಅಗೇಟನ್ನು ಅದರಲ್ಲಿ ಮುಳುಗಿಸಿ ನೋಡುತ್ತಾಳೆ, ತೆಗೆದು ಒರೆಸಿ ನೋಡುತ್ತಾಳೆ. ನೀರಿನಲ್ಲಿದ್ದ ಬಣ್ಣವೇ ಹೊರಗೂ ಇರುತ್ತದೆ.